ಡೇಕೇರ್ ಮಕ್ಕಳ ಹಲ್ಲು: ಎಷ್ಟು ಸಿಹಿ ತಿಂದರು, ಎಷ್ಟು ಸಲ ತಿಂದರು

ಮಕ್ಕಳ ಆರೈಕೆ ಕೋರ್ಸಿನಲ್ಲಿ ಈ ವಾರ ಆರೋಗ್ಯ ಮತ್ತು ಬಾಯಿ ಸ್ವಚ್ಛತೆಯ ಪಾಠ ಮುಗಿಯಿತು. ಕೈ ತೊಳೆಸುವುದು, ಲಸಿಕೆ ಕಾರ್ಡ್ ನೋಡುವುದು ಎಲ್ಲರಿಗೂ ಗೊತ್ತಿರುವಂಥದ್ದೇ, ಅದನ್ನು ಬಿಡುತ್ತೇನೆ. ನನ್ನ ತಲೆಗೆ ಹತ್ತಲು ತಡವಾದ ಒಂದು ವಿಷಯವಿದೆ, ಅದನ್ನು ಮಾತ್ರ ಬಿಡಿಸಿ ಬರೆಯುತ್ತೇನೆ.

ಹುಳುಕಿನ ಲೆಕ್ಕ

ಹಲ್ಲಿನ ಮೇಲೆ ಅಂಟಿಕೊಳ್ಳುವ ಪ್ಲಾಕ್ ಅನ್ನುವ ಜಿಗುಟು ಪದರದಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಅವುಗಳಲ್ಲಿ ಮುಖ್ಯವಾದದ್ದು. ಸಕ್ಕರೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ಇವು ಆಮ್ಲ ಬಿಡುತ್ತವೆ. ಪಿಎಚ್ (ಆಮ್ಲ ಎಷ್ಟಿದೆ ಅಂತ ಹೇಳುವ ಅಂಕಿ, ಇಳಿದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮೆಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಲು ಶುರು. ಆಮೇಲೆ ಜೊಲ್ಲು ಆ ಆಮ್ಲವನ್ನು ತೊಳೆದು, ಕರಗಿದ್ದನ್ನು ಸ್ವಲ್ಪ ಸ್ವಲ್ಪವಾಗಿ ವಾಪಸ್ ತುಂಬುತ್ತದೆ. ಬಾಯಿ ಮಾಮೂಲಿ ಸ್ಥಿತಿಗೆ ಬರಲು ಅರ್ಧ ಗಂಟೆಯಾದರೂ ಬೇಕು, ಕೆಲವೊಮ್ಮೆ ಒಂದು ಗಂಟೆ.

ಇಲ್ಲಿವರೆಗೆ ಸುಲಭ. ತೊಡಕು ಇರುವುದು ಇದರ ಮುಂದೆ. ಒಂದು ಮಗು ಊಟದ ಜೊತೆ ಒಂದು ರವೆ ಉಂಡೆ ತಿಂದಿತು ಅಂದುಕೊಳ್ಳಿ. ಇನ್ನೊಂದು ಮಗು ಅಂಥದ್ದೇ ಒಂದು ಉಂಡೆಯನ್ನು ಬೆಳಗ್ಗೆಯಿಂದ ಆರು ಸಲ ಚೂರು ಚೂರಾಗಿ ತಿಂದಿತು. ಇಬ್ಬರಿಗೂ ಹೋದ ಸಕ್ಕರೆ ಒಂದೇ. ಆದರೆ ಮೊದಲನೆಯ ಮಗುವಿನ ಹಲ್ಲಿಗೆ ಒಂದೇ ಸಲ ಏಟು ಬಿತ್ತು, ರಿಪೇರಿಗೆ ಇಡೀ ಮಧ್ಯಾಹ್ನ ಸಿಕ್ಕಿತು. ಎರಡನೆಯದಕ್ಕೆ ಆರು ಸಲ. ತಲಾ ಅರ್ಧ ಗಂಟೆ ಅಂದರೂ ಮೂರು ಗಂಟೆ ಆಮ್ಲದಲ್ಲೇ ಹೋಯಿತು. ಚೂರು ಸಣ್ಣದಾದರೆ ಏಟೂ ಸಣ್ಣದಲ್ವಾ ಅನ್ನಿಸುತ್ತದೆ. ಹಾಗಲ್ಲ. ಸಣ್ಣ ಚೂರಿಗೂ ಪಿಎಚ್ ಇಳಿಯುತ್ತದೆ, ಅದು ಮತ್ತೆ ಏರಲು ಹೊತ್ತು ಹಿಡಿಯುತ್ತದೆ.

ನನಗೆ ಇದು ಕೂತದ್ದು ಚೌಕುಳಿ ಹಾಳೆಯಿಂದ. ಬೆಳಗ್ಗೆ 8ರಿಂದ ಸಂಜೆ 7ರವರೆಗೆ ಅರ್ಧ ಗಂಟೆಗೊಂದು ಮನೆ ಬರೆಯಿರಿ, 22 ಮನೆ ಆಗುತ್ತವೆ. ಸಿಹಿ ಬಾಯಿಗೆ ಬಿದ್ದಾಗಲೆಲ್ಲ ಆ ಹೊತ್ತಿನ ಮನೆಗೆ ಬಣ್ಣ ಹಚ್ಚಿ. 8:30ಕ್ಕೆ ಸಕ್ಕರೆ ಹಾಲು, 10:30ಕ್ಕೆ ಬಿಸ್ಕೆಟ್, 11:30ಕ್ಕೆ ಯಾರದೋ ಹುಟ್ಟುಹಬ್ಬದ ಚಾಕೊಲೇಟ್, 4ಕ್ಕೆ ಬೆಲ್ಲದ ರಾಗಿ ಮಾಲ್ಟ್ (ಬೆಲ್ಲವೂ ಸಕ್ಕರೆಯೇ, ಹಲ್ಲಿಗೆ ಭೇದವಿಲ್ಲ). ಸಂಜೆ ಕಾರಿನಲ್ಲಿ ಒಂದು ಜ್ಯೂಸ್ ಪ್ಯಾಕೆಟ್. ಔಟರ್ ರಿಂಗ್ ರೋಡ್ ಟ್ರಾಫಿಕ್‌ನಲ್ಲಿ ಮಗು ಅದನ್ನು ಗುಟುಕು ಗುಟುಕಾಗಿ ಒಂದು ಗಂಟೆ ಹೀರುತ್ತದೆ. ಆ ಒಂದೇ ಪ್ಯಾಕೆಟ್‌ಗೆ ಮೂರು ಮನೆ ಹೋಗುತ್ತವೆ: ಹೀರುವಾಗ ಎರಡು, ಮುಗಿದ ಮೇಲೆ ಇನ್ನೊಂದು.

ಈಗ ಬಿಸ್ಕೆಟ್, ಚಾಕೊಲೇಟ್ ಎರಡನ್ನೂ ಊಟದ ಜೊತೆಗೇ ಸೇರಿಸಿ. ಕಾರಿನಲ್ಲಿ ನೀರಿನ ಬಾಟಲಿ ಕೊಡಿ. ಬಣ್ಣದ ಮನೆಗಳು ಎಷ್ಟು ಕಡಿಮೆಯಾದವು ನೋಡಿ. ಮಗುವಿನ ಕೈಯಿಂದ ಕಿತ್ತುಕೊಂಡದ್ದು ಜ್ಯೂಸ್ ಒಂದನ್ನೇ. ಪೋಷಕರಿಗೆ ಈ ಹಾಳೆ ತೋರಿಸುವುದು ಉಪದೇಶಕ್ಕಿಂತ ಎಷ್ಟೋ ವಾಸಿ. ಹಾಗಂತ ಸಿಹಿ ಎಷ್ಟಾದರೂ ತಿನ್ನಬಹುದು ಅಂತಲ್ಲ. ಎರಡು ವರ್ಷದೊಳಗಿನ ಮಕ್ಕಳಿಗಂತೂ ಸೇರಿಸಿದ ಸಕ್ಕರೆಯೇ ಬೇಡ.

ಮಲಗುವ ಹೊತ್ತಿಗೆ ಇದೇ ಲೆಕ್ಕ ಇನ್ನೂ ಕಟ್ಟುನಿಟ್ಟು. ನಿದ್ದೆಯಲ್ಲಿ ಜೊಲ್ಲು ತುಂಬಾ ಕಡಿಮೆ, ತೊಳೆಯುವವರೇ ಇಲ್ಲ. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗಿದರೆ ಹಾಲು ಮೇಲಿನ ಮುಂದಿನ ಹಲ್ಲುಗಳ ಸುತ್ತ ನಿಲ್ಲುತ್ತದೆ. ಕೆಳಗಿನ ಮುಂದಿನ ಹಲ್ಲುಗಳನ್ನು ನಾಲಿಗೆ ಕಾಯುತ್ತದೆ. ಅದಕ್ಕೇ ಹುಳುಕು ಮೊದಲು ಮೇಲೆ ಕಾಣಿಸುವುದು. ಕಿಟಕಿ ಬೆಳಕಿನಲ್ಲಿ ಮಗುವಿನ ಮೇಲ್ತುಟಿ ಮೆಲ್ಲಗೆ ಎತ್ತಿ, ವಸಡಿನ ಅಂಚಿನಲ್ಲಿ ನೋಡಿ. ಸೀಮೆಸುಣ್ಣದಂಥ ಬಿಳಿ ಗೆರೆ ಇದ್ದರೆ ಅದೇ ಮೊದಲ ಸೂಚನೆ. ಆ ಹಂತದಲ್ಲಿ ಫ್ಲೋರೈಡ್‌ನಿಂದ (ಎನಾಮೆಲ್ ಗಟ್ಟಿ ಮಾಡುವ, ಪೇಸ್ಟ್‌ನಲ್ಲಿರುವ ಖನಿಜ) ಇನ್ನೂ ತಡೆಯಬಹುದು. ಕಂದು ಬಣ್ಣ ಬಂದು ಗುಳಿ ಬಿದ್ದ ಮೇಲೆ ಆಗುವುದಿಲ್ಲ.

ಪೇಸ್ಟ್ ಮತ್ತು ಬ್ರಷ್

ಮೂರು ವರ್ಷದೊಳಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್. ಜಾಹೀರಾತಿನಲ್ಲಿ ಬ್ರಷ್ ಉದ್ದಕ್ಕೂ ಹಚ್ಚುತ್ತಾರಲ್ಲ, ಅಷ್ಟು ಬೇಡ. ಉಗಿಸಿ, ಆಮೇಲೆ ಜಾಸ್ತಿ ನೀರು ಹಾಕಿ ಮುಕ್ಕಳಿಸಬೇಡಿ. ಫ್ಲೋರೈಡ್ ಅಂದರೆ ಕೆಲವು ಪೋಷಕರು ಹೆದರುತ್ತಾರೆ. ಆ ಹೆದರಿಕೆ ಸುಮ್ನೆ ಬಂದದ್ದಲ್ಲ. ಕೋಲಾರ, ಪಾವಗಡ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಲೆಯಾದವರನ್ನು ಅವರು ಮನೆಯಲ್ಲೇ ನೋಡಿರುತ್ತಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ. ವರ್ಷಗಟ್ಟಲೆ ಅದಕ್ಕಿಂತ ಜಾಸ್ತಿ ಕುಡಿಯುವುದೇ ಬೇರೆ, ಅಕ್ಕಿ ಕಾಳಿನಷ್ಟು ಪೇಸ್ಟ್ ಹಚ್ಚುವುದೇ ಬೇರೆ. ಡೇಕೇರ್‌ಗೆ ಟ್ಯಾಂಕರ್ ನೀರು ಬರುತ್ತಿದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ.

ಬ್ರಷ್‌ಗಳನ್ನು ಹೆಸರು ಬರೆದು, ನೆಟ್ಟಗೆ, ಒಂದಕ್ಕೊಂದು ತಾಗದಂತೆ, ಕ್ಯಾಪ್ ಹಾಕದೆ ಒಣಗಿಸಿ. ಟ್ಯೂಬಿನ ಬಾಯಿ ಬ್ರಷ್‌ಗೆ ಮುಟ್ಟಬಾರದು. ಪೇಪರ್ ತುಂಡಿನ ಮೇಲೆ ಎಲ್ಲರ ಪಾಲನ್ನೂ ಬೇರೆ ಬೇರೆ ಚುಕ್ಕಿಯಾಗಿ ಇಟ್ಟು, ಅಲ್ಲಿಂದ ಬ್ರಷ್‌ಗೆ ಎತ್ತಿಕೊಳ್ಳಿ. ಒಬ್ಬರ ಬ್ರಷ್ ಇನ್ನೊಬ್ಬರು ಬಾಯಿಗೆ ಹಾಕಿಕೊಂಡರೆ ಅದನ್ನು ಬಿಸಾಡಿ, ಇಬ್ಬರ ಮನೆಗೂ ತಿಳಿಸಿ.

ಹಲ್ಲು ಬರುವಾಗಿನ ಭೇದಿ

"ಹಲ್ಲು ಬರ್ತಿದೆ, ಅದಕ್ಕೇ ಭೇದಿ" ಅನ್ನುವ ಮಾತು ಪ್ರತಿ ಮನೆಯಲ್ಲೂ ಇದೆ. ಹಲ್ಲು ಬರುವಾಗ ಜೊಲ್ಲು ಸುರಿಯುತ್ತದೆ, ವಸಡು ನೋಯುತ್ತದೆ, ಮಗು ಕಿರಿಕಿರಿ ಮಾಡುತ್ತದೆ. ಆದರೆ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ನೀರು ನೀರಾದ ಭೇದಿ ಹಲ್ಲಿನಿಂದ ಬರುವುದಿಲ್ಲ. ಆ ವಯಸ್ಸಿನಲ್ಲಿ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಸೋಂಕು ಅಲ್ಲಿಂದಲೇ. ಹಲ್ಲಿನ ಮೇಲೆ ಹಾಕಿ ಕಾಯುತ್ತಾ ಕೂತರೆ ಮಗುವಿನ ಮೈಯಿಂದ ನೀರು ಹೋಗುತ್ತಲೇ ಇರುತ್ತದೆ. ಪೋಷಕರಿಗೆ ತಕ್ಷಣ ಫೋನ್ ಮಾಡಿ, ಒಆರ್‌ಎಸ್ ಶುರು ಮಾಡಿ. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರು, ದೊಡ್ಡ ಪ್ಯಾಕೆಟ್‌ಗೆ 1 ಲೀಟರ್. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ. ಜಿಂಕ್ ಅನ್ನು ಡಾಕ್ಟರ್ 14 ದಿನಕ್ಕೆ ಬರೆಯುತ್ತಾರೆ. ಭೇದಿ ಮೂರನೇ ದಿನಕ್ಕೇ ನಿಂತರೂ ಪೂರ್ತಿ ಕೊಡಬೇಕು ಅಂತ ಪೋಷಕರಿಗೆ ನೆನಪಿಸಿ.

ಕೊನೆಗೆ ಒಂದು: ಬಿದ್ದು ಹಾಲುಹಲ್ಲು ಪೂರ್ತಿ ಕಿತ್ತು ಬಂದರೆ ಅದನ್ನು ವಾಪಸ್ ಗುಳಿಗೆ ಒತ್ತಬೇಡಿ, ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಪೆಟ್ಟಾಗುತ್ತದೆ. ಶುಭ್ರ ಬಟ್ಟೆಯಿಂದ ರಕ್ತ ಒತ್ತಿ ಹಿಡಿಯಿರಿ, ಹಲ್ಲನ್ನು ಜೊತೆಗೆ ತೆಗೆದುಕೊಂಡು ಅವತ್ತೇ ದಂತವೈದ್ಯರಿಗೆ ತೋರಿಸಿ.