ಹೇಸರಗತ್ತೆ ಬೆನ್ನೇರಿ ಬೆಟ್ಟ ಹತ್ತಿದ ಹಡಗು

ಪೆರು ಮತ್ತು ಬೊಲಿವಿಯಾ ನಡುವೆ ಇರುವ ಟಿಟಿಕಾಕಾ ಸರೋವರ ಸಮುದ್ರ ಮಟ್ಟದಿಂದ ಸುಮಾರು 3,810 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸಮುದ್ರಕ್ಕೆ ಹೋಗುವ ನದಿಯೇ ಇಲ್ಲ. ಅಂಥ ಕಡೆ ಉಗಿಹಡಗು ಓಡಿಸಬೇಕು ಅಂತ ಪೆರು ಸರ್ಕಾರ 1861ರಲ್ಲಿ ಇಂಗ್ಲೆಂಡಿಗೆ ಆರ್ಡರ್ ಕೊಟ್ಟಿತು. ಯಾವರಿ, ಯಾಪುರಾ ಅಂತ ಎರಡು ಕಬ್ಬಿಣದ ಹಡಗುಗಳು.

ಒಯ್ಯೋದು ಹೇಗೆ? ಬಿಡಿಭಾಗ ಮಾಡಿ. 1862ರಲ್ಲಿ ಎರಡೂ ಹಡಗಿನ 2,766 ತುಂಡುಗಳು ಆರಿಕಾ ಬಂದರಿಗೆ ಬಂದಿಳಿದವು. ಅಲ್ಲಿಂದ ಟಾಕ್ನಾವರೆಗೆ ರೈಲು ಇತ್ತು, ಆಮೇಲೆ ಆಂಡಿಸ್ ಬೆಟ್ಟ ಹತ್ತಿ ಸರೋವರದ ದಡದ ಪುನೋ ಊರು ಮುಟ್ಟೋದಕ್ಕೆ ಹೇಸರಗತ್ತೆಗಳೇ ಗತಿ. ಅದಕ್ಕೇ ಒಂದೊಂದು ತುಂಡೂ ಒಂದು ಹೇಸರಗತ್ತೆ ಹೊರುವಷ್ಟೇ, ಅಂದರೆ ಸುಮಾರು 180 ಕಿಲೋ ಒಳಗೆ ಇರಬೇಕು ಅಂತ ಲೆಕ್ಕ ಹಾಕಿದ್ದರು. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗುವುದು ಇದೇ: ಹಡಗಿನ ವಿನ್ಯಾಸವನ್ನು ಒಂದು ಪ್ರಾಣಿಯ ಬೆನ್ನು ನಿರ್ಧರಿಸಿತು. ಆರು ತಿಂಗಳ ಕೆಲಸ ಅಂದುಕೊಂಡಿದ್ದು ವರ್ಷಗಟ್ಟಲೆ ಎಳೆಯಿತು. ಯಾವರಿ ನೀರಿಗಿಳಿದದ್ದು 1870ರ ಕ್ರಿಸ್‌ಮಸ್ ದಿನ.

ಇನ್ನು ಬಾಯ್ಲರಿಗೆ ಉರಿ. ಆ ಎತ್ತರದಲ್ಲಿ ಬಯಲಿಗಿಟ್ಟ ಪಾತ್ರೆಯ ನೀರು 88 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಅದೇನೂ ತೊಂದರೆಯಲ್ಲ, ಬಾಯ್ಲರ್ ಮುಚ್ಚಿರುತ್ತದೆ, ನಮ್ಮ ಕುಕ್ಕರ್ ಹಾಗೆ ಒಳಗೆ ಒತ್ತಡ ಏರುತ್ತದೆ. ಕಷ್ಟ ಇದ್ದದ್ದು ಒಲೆಯ ಕಡೆ. ಗಾಳಿಯಲ್ಲಿ ಆಮ್ಲಜನಕ ಮೂರನೇ ಒಂದು ಭಾಗಕ್ಕೂ ಜಾಸ್ತಿ ಕಡಿಮೆ. ಸುತ್ತ ಮರ ಅಪರೂಪ, ಕಲ್ಲಿದ್ದಲನ್ನು ಕೆಳಗಿನಿಂದ ಹೊತ್ತು ತರಬೇಕು. ಆ ಬಯಲಲ್ಲಿ ಬೇಕಾದಷ್ಟಿದ್ದದ್ದು ಒಂಟೆ ಜಾತಿಯ ಲಾಮಾ ಅನ್ನೋ ಪ್ರಾಣಿಗಳು! ಅವುಗಳ ಒಣ ಹಿಕ್ಕೆಯನ್ನೇ ಬಾಯ್ಲರಿಗೆ ತುಂಬಿದರು. ಬೆರಣಿ ಒಲೆ ನೋಡಿದವರಿಗೆ ಇದು ಹೊಸದಲ್ಲ, ಅಲ್ವಾ? ಚೆನ್ನಾಗೇ ಉರಿಯುತ್ತದೆ, ಆದರೆ ಶಾಖ ಒಳ್ಳೆ ಕಲ್ಲಿದ್ದಲಿನ ಅರ್ಧದಷ್ಟು, ಹಗುರ ಬೇರೆ, ಹಾಗಾಗಿ ಮೂಟೆಗಟ್ಟಲೆ ಬೇಕು, ಜನರಿಗೂ ಸರಕಿಗೂ ಇರಬೇಕಾದ ಜಾಗವನ್ನು ಇಂಧನವೇ ನುಂಗುತ್ತಿತ್ತು. ಮುಂದೆ ಹಡಗನ್ನೇ ಉದ್ದ ಮಾಡಬೇಕಾಯಿತು.

1874ರಲ್ಲಿ ಪುನೋಗೆ ರೈಲು ಬಂತು. ರೈಲಿಳಿದು ಹಡಗು ಹತ್ತಿ ಬೊಲಿವಿಯಾ ದಡ ಸೇರುವುದು ಅಲ್ಲಿನ ಜನರ ಮಾಮೂಲಿ ದಾರಿಯಾಯಿತು. 1914ರಲ್ಲಿ ಯಾವರಿಗೆ ಸ್ವೀಡನ್ನಿನ ಬೊಲಿಂಡರ್ ಕಂಪನಿಯ ಎಣ್ಣೆ ಎಂಜಿನ್ ಕೂರಿಸಿದರು, ಉಗಿಯ ಕಾಲ ಅಲ್ಲಿಗೆ ಮುಗಿಯಿತು. ಆದರೆ ಸರೋವರದ ನೀರಿನಲ್ಲಿ ಸಮುದ್ರದ ಉಪ್ಪಿಲ್ಲವಲ್ಲ, ಕಬ್ಬಿಣದ ಮೈ ಅಷ್ಟಾಗಿ ತುಕ್ಕು ಹಿಡಿಯಲಿಲ್ಲ. 1987ರಲ್ಲಿ ಮೇರಿಯಲ್ ಲಾರ್ಕೆನ್ ಎಂಬ ಬ್ರಿಟಿಷ್ ಮಹಿಳೆ ಅದನ್ನು ಉಳಿಸಲು ಕೊಂಡಾಗ, ಹೇಸರಗತ್ತೆಗಳು ಹೊತ್ತು ತಂದ ಆ ತಗಡುಗಳು ಇನ್ನೂ ಗಟ್ಟಿಯಾಗಿದ್ದವು.