ಬೆಳೆಯುವ ಮೈಗೆ ದೊಡ್ಡವರ ಅಳತೆ: ಎಳೆಯ ಕ್ರೀಡಾಪಟುಗಳ ತರಬೇತಿ ಮತ್ತು ಉದ್ದೀಪನ ಮದ್ದಿನ ಹಿನ್ನೆಲೆ

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಫ್ರೀಸ್ಟೈಲ್ ಈಜು ಗೆದ್ದ ಅಮೆರಿಕದ ರಿಕ್ ಡೆಮಾಂಟ್‌ಗೆ ಆಗ 16 ವರ್ಷ. ಉಬ್ಬಸಕ್ಕೆ ತೆಗೆದುಕೊಳ್ಳುತ್ತಿದ್ದ ಔಷಧಿಯಲ್ಲಿ ಎಫೆಡ್ರಿನ್ ಎಂಬ ನಿಷೇಧಿತ ಉತ್ತೇಜಕ ಇತ್ತು. ಔಷಧಿಯ ಹೆಸರನ್ನು ಆತ ತಂಡದ ವೈದ್ಯಕೀಯ ಅರ್ಜಿಯಲ್ಲಿ ಬರೆದುಕೊಟ್ಟಿದ್ದ, ಅದನ್ನು ಮುಂದಕ್ಕೆ ತಲುಪಿಸಬೇಕಾದವರು ತಲುಪಿಸಲಿಲ್ಲ. ಚಿನ್ನ ಕೈಬಿಟ್ಟಿತು. 2000ದ ಸಿಡ್ನಿಯಲ್ಲಿ ರುಮೇನಿಯಾದ ಜಿಮ್ನಾಸ್ಟ್ ಆಂಡ್ರಿಯಾ ರಡುಕಾನ್‌ಗೂ 16. ನೆಗಡಿಗೆಂದು ತಂಡದ ವೈದ್ಯರು ಕೊಟ್ಟ ಮಾತ್ರೆಯಲ್ಲಿದ್ದ ಸ್ಯೂಡೊಎಫೆಡ್ರಿನ್ ಆಕೆಯ ಆಲ್‌ರೌಂಡ್ ಚಿನ್ನವನ್ನು ಕಸಿಯಿತು. ರಷ್ಯಾದ ಸ್ಕೇಟರ್ ಕಮಿಲಾ ವಲಿಯೆವಾಗೆ ಇನ್ನೂ ಚಿಕ್ಕ ವಯಸ್ಸು, 15. 2021ರ ಡಿಸೆಂಬರ್ 25ರಂದು ಕೊಟ್ಟ ಮಾದರಿಯಲ್ಲಿ ಹೃದ್ರೋಗದ ಔಷಧಿ ಟ್ರೈಮೆಟಾಜಿಡಿನ್ ಸಿಕ್ಕಿದ ಸುದ್ದಿ ಹೊರಬಿದ್ದಾಗ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ನಡೆಯುತ್ತಿತ್ತು. ಅಜ್ಜನ ಔಷಧಿಯಿಂದ ಅದು ಮೈ ಸೇರಿತೆಂಬ ವಾದವನ್ನು ಕ್ರೀಡಾ ನ್ಯಾಯಮಂಡಳಿ ಒಪ್ಪಲಿಲ್ಲ. 2024ರ ಜನವರಿಯಲ್ಲಿ ನಾಲ್ಕು ವರ್ಷದ ನಿಷೇಧ ಹೇರಿತು.

ಮೂರೂ ಒಂದೇ ಬಗೆಯ ಪ್ರಕರಣಗಳಲ್ಲ. ಆದರೆ ಮೂರರಲ್ಲೂ ದೊಡ್ಡವರಿಗೆಂದು ಬರೆದ ನಿಯಮವನ್ನು ಮಕ್ಕಳ ಮೇಲೆ ಹೊರಿಸಿದಾಗ ಎದ್ದ ತೊಡಕು ಕಾಣುತ್ತದೆ. ತರಬೇತಿಯ ಕಥೆಯೂ ಇದೇ. ಮೈ ಹೇಗೆ ಬೆಳೆಯುತ್ತದೆ, ಹೊರೆಯನ್ನು ಯಾವಾಗ ತಾಳುತ್ತದೆ ಎನ್ನುವುದು ಒಂದು ಶಾಖೆಯ ಪಾಠ, ಮದ್ದಿನ ಅಪಾಯ ಇನ್ನೊಂದು ಶಾಖೆಯ ಪಾಠ ಎಂದು ಬಹುಕಾಲ ಬೇರೆಬೇರೆ ಇಟ್ಟುಕೊಂಡು ಬಂದಿದ್ದೇವೆ. ಅವೆರಡನ್ನೂ ಒಟ್ಟಿಗೆ ಕಲಿಸದೆ ಯಾವುದೂ ಸರಿಯಾಗಿ ನಾಟುವುದಿಲ್ಲ.

ಎತ್ತರ ಮೊದಲು, ಬಲ ಆಮೇಲೆ

ಬೆಳವಣಿಗೆಯ ಅಧ್ಯಯನ ಕ್ರೀಡಾ ವಿಜ್ಞಾನಕ್ಕಿಂತ ಬಹಳ ಹಳೆಯದು. ಫ್ರಾನ್ಸಿನ ಮಾಂಟ್‌ಬೇಯಾರ್ 1759ರಿಂದ 1777ರವರೆಗೆ ತನ್ನ ಮಗನ ಎತ್ತರವನ್ನು ಸುಮಾರು ಆರು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟ. ಇಪ್ಪತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ಮಕ್ಕಳ ವೈದ್ಯ ಜೇಮ್ಸ್ ಟ್ಯಾನರ್ ಇಂಥ ಅಳತೆಗಳನ್ನು ಬೆಳವಣಿಗೆಯ ವೇಗದ ರೇಖೆಯಾಗಿ ಓದುವುದನ್ನು ರೂಢಿಗೆ ತಂದರು. ರೇಖೆಯ ತುದಿ, ಅಂದರೆ ಮಗು ಅತಿ ವೇಗವಾಗಿ ಎತ್ತರ ಬೆಳೆಯುವ ಘಟ್ಟ, ಹುಡುಗಿಯರಲ್ಲಿ ಸರಾಸರಿ 12ರ ಆಸುಪಾಸು, ಹುಡುಗರಲ್ಲಿ 14ರ ಆಸುಪಾಸು. ಆ ಹೊತ್ತಿನಲ್ಲಿ ಹುಡುಗಿ ವರ್ಷಕ್ಕೆ ಸುಮಾರು 8 ಸೆಂ.ಮೀ., ಹುಡುಗ 9ರಿಂದ 10 ಸೆಂ.ಮೀ. ಏರುವುದುಂಟು. ಇವೆಲ್ಲ ಸರಾಸರಿಗಳು ಮಾತ್ರ. ಒಂದೇ ತರಗತಿಯ 13 ವರ್ಷದ ಇಬ್ಬರು ಹುಡುಗರ ನಡುವೆ ದೇಹದ ಪಕ್ವತೆಯಲ್ಲಿ ಮೂರು ನಾಲ್ಕು ವರ್ಷದ ಅಂತರ ಇರುವುದು ಅಪರೂಪವಲ್ಲ.

ತರಬೇತಿಗೆ ಮುಖ್ಯವಾದ ಸಂಗತಿ ಇದು: ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯುವಿನ ತೂಕ ಮತ್ತು ಬಲ ಅದರ ಹಿಂದೆ ಬರುತ್ತವೆ. ಹುಡುಗರಲ್ಲಿ ಬಲ ಅತಿ ವೇಗವಾಗಿ ಹೆಚ್ಚುವುದು ಎತ್ತರದ ಏರಿಕೆ ತುದಿ ಮುಟ್ಟಿ ಹಲವು ತಿಂಗಳಾದ ಮೇಲೆ, ಕೆಲವರಲ್ಲಿ ಒಂದು ವರ್ಷವೇ ಕಳೆದ ಮೇಲೆ. ನಡುವಿನ ಅವಧಿಯಲ್ಲಿ ಕೈಕಾಲು ಉದ್ದವಾಗಿರುತ್ತವೆ, ಅವನ್ನು ಹಿಡಿತದಲ್ಲಿ ಇಡುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಹೋದ ವರ್ಷ ಚೆಂದವಾಗಿ ಓಡುತ್ತಿದ್ದವನು ಈಗ ಎಡವುತ್ತಾನೆ, ಸಮಯ ಕೆಡುತ್ತದೆ. ಶ್ರದ್ಧೆ ಕಡಿಮೆಯಾಯಿತು ಎಂದು ಕೋಚ್ ಗದರುವುದು, ಬದಿಯಲ್ಲಿ ಬೇಗ ಬೆಳೆದ ಗೆಳೆಯ ಸಲೀಸಾಗಿ ಗೆಲ್ಲುವುದು, ‘ಪುಡಿ ತಗೋ, ಮೈ ಬರುತ್ತೆ’ ಎಂದು ಯಾರೋ ಕಿವಿಯಲ್ಲಿ ಹೇಳುವುದು, ಮೂರೂ ಇದೇ ಅವಧಿಯಲ್ಲಿ ಬಂದು ಸೇರುತ್ತವೆ. ಮದ್ದಿನ ಬಗ್ಗೆ ಎಚ್ಚರ ಹೇಳುವುದಾದರೆ ಮೊದಲು ಹೇಳಬೇಕಾದುದು ಈ ಅವಧಿಯ ಬಗ್ಗೆ.

ಅದನ್ನು ಗುರುತಿಸಲು ದುಬಾರಿ ಯಂತ್ರ ಬೇಡ. ಮೂರು ತಿಂಗಳಿಗೊಮ್ಮೆ ಬರಿಗಾಲಿನಲ್ಲಿ ನಿಂತ ಎತ್ತರ, ಪೆಟ್ಟಿಗೆಯ ಮೇಲೆ ಕೂತ ಎತ್ತರ ಮತ್ತು ತೂಕ, ಇಷ್ಟು ಸಾಕು. ಬೆನ್ನೆಲುಬು ದಿನವಿಡೀ ಅದುಮಿಕೊಂಡು ಸಂಜೆಯ ಹೊತ್ತಿಗೆ ಎತ್ತರ ಒಂದು ಸೆಂಟಿಮೀಟರಿನಷ್ಟು ಇಳಿದಿರಬಹುದು. ಆದ್ದರಿಂದ ಪ್ರತಿ ಸಲವೂ ಒಂದೇ ಹೊತ್ತಿಗೆ, ಆದಷ್ಟೂ ಬೆಳಗ್ಗೆ, ಅಭ್ಯಾಸಕ್ಕೆ ಮುಂಚೆ, ಒಬ್ಬರೇ ಅಳೆಯಬೇಕು. ಎರಡು ಸಲ ಅಳೆದು, ಅವು ಹೊಂದದಿದ್ದರೆ ಮೂರನೆಯ ಸಲ ಅಳೆಯಬೇಕು. ಮೂರು ತಿಂಗಳ ವ್ಯತ್ಯಾಸವನ್ನು ನಾಲ್ಕರಿಂದ ಗುಣಿಸಿದರೆ ವರ್ಷದ ವೇಗ ಸಿಗುತ್ತದೆ. ಆದರೆ ಅರ್ಧ ಸೆಂಟಿಮೀಟರ್ ತಪ್ಪಿದರೆ ಅದೂ ನಾಲ್ಕು ಪಟ್ಟಾಗಿ 2 ಸೆಂಟಿಮೀಟರ್ ಆಗುತ್ತದೆ. ತಿಂಗಳಿಗೊಮ್ಮೆ ಅಳೆದು ಹನ್ನೆರಡರಿಂದ ಗುಣಿಸುವವರ ಪಟ್ಟಿಯಲ್ಲಿ ಬೆಳವಣಿಗೆಗಿಂತ ಅಳತೆಯ ತಪ್ಪೇ ಹೆಚ್ಚು ಕಾಣುವುದು ಇದರಿಂದ. ವೇಗ ವರ್ಷಕ್ಕೆ 7 ಸೆಂ.ಮೀ. ದಾಟಿದವರನ್ನು ಗಮನದಲ್ಲಿಟ್ಟು ಜಿಗಿತ, ದಿಢೀರ್ ನಿಲುಗಡೆ, ಗಟ್ಟಿ ನೆಲದ ಓಟ ತಗ್ಗಿಸಿ, ಸಮತೋಲನ ಮತ್ತು ನೆಲಕ್ಕೆ ಇಳಿಯುವ ಕ್ರಮದ ಅಭ್ಯಾಸ ಹೆಚ್ಚಿಸುವುದು ಒಳ್ಳೆಯದು.

ಕೂತ ಎತ್ತರ, ಕಾಲಿನ ಉದ್ದ, ತೂಕ, ವಯಸ್ಸು ಸೇರಿಸಿ ತುದಿ ಎಷ್ಟು ದೂರವಿದೆ ಎಂದು ಅಂದಾಜಿಸುವ ಸೂತ್ರವನ್ನು ಮಿರ್ವಾಲ್ಡ್ ಮತ್ತು ಸಂಗಡಿಗರು 2002ರಲ್ಲಿ ಕೊಟ್ಟರು. ತಂದೆತಾಯಿಯ ಎತ್ತರ ಸೇರಿಸಿ ಮಗುವಿನ ಮುಂದಿನ ಎತ್ತರ ಅಂದಾಜಿಸುವ ಖಾಮಿಸ್–ರೋಶ್ ವಿಧಾನ 1994ರದು. ಬಹಳ ಬೇಗ ಅಥವಾ ಬಹಳ ತಡವಾಗಿ ಬೆಳೆಯುವ ಮಕ್ಕಳಲ್ಲಿ ಮೊದಲನೆಯ ಸೂತ್ರ ಹೆಚ್ಚು ತಪ್ಪುತ್ತದೆ. ಅದರ ಅಗತ್ಯ ಹೆಚ್ಚಿರುವುದೂ ಅವರಿಗೇ. ಆದ್ದರಿಂದ ಒಂದೇ ಸಲದ ಲೆಕ್ಕ ನೋಡಿ ಯಾರನ್ನೂ ಆಯ್ಕೆಪಟ್ಟಿಯಿಂದ ಬಿಡಬಾರದು.

ಹೊರೆಗೆ ಮಿತಿ ಬಂದ ಬಗೆ

ಬೆಳೆಯುವ ಮೂಳೆಯ ತುದಿಯಲ್ಲಿ ಮೃದ್ವಸ್ಥಿಯ ಪದರ ಇರುತ್ತದೆ. ಸ್ನಾಯು ಮೂಳೆಗೆ ಅಂಟಿಕೊಳ್ಳುವ ಜಾಗದಲ್ಲೂ ಅಂಥದೇ ಪದರ. ಎಳೆತ ಮಿತಿ ಮೀರಿದರೆ ದೊಡ್ಡವರಲ್ಲಿ ಸ್ನಾಯುವಿಗೆ ಪೆಟ್ಟಾಗುತ್ತದೆ, ಮಕ್ಕಳಲ್ಲಿ ಈ ಪದರವೇ ಮೊದಲು ಸೋಲುತ್ತದೆ. ಮಂಡಿಚಿಪ್ಪಿನ ಕೆಳಗಿನ ಗಂಟಿನ ನೋವನ್ನು 1903ರಲ್ಲಿ ಬಾಸ್ಟನ್ನಿನ ಆಸ್‌ಗುಡ್ ಮತ್ತು ಜ್ಯೂರಿಕ್‌ನ ಶ್ಲಾಟರ್ ಬೇರೆಬೇರೆಯಾಗಿ ವಿವರಿಸಿದರು. ಹಿಮ್ಮಡಿ ನೋವನ್ನು 1912ರಲ್ಲಿ ಸೀವರ್ ವಿವರಿಸಿದರು. ಬೇಸ್‌ಬಾಲ್ ಎಸೆಯುವ ಹುಡುಗರ ಮೊಣಕೈಯ ಒಳಬದಿಯ ಗಾಯಕ್ಕೆ 1960ರಲ್ಲಿ ಹೆಸರು ಸಿಕ್ಕಿತು. ಆದರೂ ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್ ಇನಿಂಗ್ಸ್ ಲೆಕ್ಕ ಬಿಟ್ಟು ಎಸೆತಗಳ ಲೆಕ್ಕಕ್ಕೆ ಬಂದದ್ದು 2007ರಲ್ಲಿ. ರೋಗ ಗೊತ್ತಾಗಿ ನಿಯಮ ಬರುವ ಹೊತ್ತಿಗೆ ಹತ್ತಿರಹತ್ತಿರ ಅರ್ಧ ಶತಮಾನ ಕಳೆದಿತ್ತು.

ಕ್ರಿಕೆಟ್ಟಿನಲ್ಲಿ ಇದಕ್ಕೆ ಸಮನಾದುದು ವೇಗದ ಬೌಲರುಗಳ ಸೊಂಟದ ಮೂಳೆಯ ಬಿರುಕು. 1989ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ 82 ಎಳೆಯ ವೇಗಿಗಳನ್ನು ಒಂದು ಋತುವಿನುದ್ದಕ್ಕೂ ಗಮನಿಸಿದ ಫಾಸ್ಟರ್ ತಂಡಕ್ಕೆ ಶೇ 11ರಷ್ಟು ಮಂದಿಯ ಬೆನ್ನುಮೂಳೆಯಲ್ಲಿ ಬಿರುಕು ಕಂಡಿತು. ಹೆಚ್ಚು ಬೌಲಿಂಗ್ ಮಾಡಿದವರಲ್ಲಿ, ಮತ್ತು ಓಡಿಬಂದು ಕಾಲೂರುವಾಗ ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ ತಿರುಗುವ ಶೈಲಿಯವರಲ್ಲಿ ಗಾಯ ಹೆಚ್ಚು. ವಯಸ್ಸಿಗೆ ತಕ್ಕ ಓವರ್ ಮಿತಿ ಬಂದಿದ್ದು ಇಂಥ ಅಧ್ಯಯನಗಳ ಬೆನ್ನಿಗೆ. ಆದರೂ ಲೆಕ್ಕ ಸೋರುವುದು ಪಂದ್ಯದಲ್ಲಿ ಅಲ್ಲ, ನೆಟ್ಸ್‌ನಲ್ಲಿ. ಶಾಲೆಯ ಕೋಚ್, ಕ್ಲಬ್ಬಿನ ಕೋಚ್ ಇಬ್ಬರೂ ಮಿತಿಯೊಳಗೇ ಬೌಲಿಂಗ್ ಮಾಡಿಸುತ್ತಾರೆ, ಹುಡುಗನ ಸೊಂಟಕ್ಕೆ ಮಾತ್ರ ಎರಡೂ ಸೇರಿದ ಎಸೆತಗಳು ಬೀಳುತ್ತವೆ. ವಾರದ ಒಟ್ಟು ಎಸೆತವನ್ನು ಆಟಗಾರನ ಹತ್ತಿರವೇ ಇರುವ ಒಂದು ಪುಸ್ತಕದಲ್ಲಿ ಬರೆಸುವುದೇ ಇದಕ್ಕೆ ಉಪಾಯ.

ಎಲ್ಲ ಆಟಕ್ಕೂ ಹೊಂದುವ ಒಂದು ಸರಳ ಅಳತೆ ಜಯಂತಿ ಮತ್ತು ಸಂಗಡಿಗರ 2015ರ ಅಧ್ಯಯನದಿಂದ ಬಂದಿದೆ: ವಾರಕ್ಕೆ ತರಬೇತಿಯ ಗಂಟೆಗಳು ಮಗುವಿನ ವಯಸ್ಸಿನ ವರ್ಷಗಳನ್ನು ಮೀರಿದಾಗ ಗಂಭೀರ ಅತಿಬಳಕೆಯ ಗಾಯಗಳು ಹೆಚ್ಚು ಕಂಡವು. ನಿದ್ರೆಯ ಲೆಕ್ಕವೂ ಇದರ ಜೊತೆ ಸೇರಬೇಕು. ರಾತ್ರಿ 8 ಗಂಟೆಗಿಂತ ಕಡಿಮೆ ನಿದ್ರಿಸುವ ಹದಿಹರೆಯದ ಆಟಗಾರರಲ್ಲಿ ಗಾಯದ ಸಂಭವ 1.7 ಪಟ್ಟು ಎಂದು 2014ರಲ್ಲಿ ಮಿಲೆವ್‌ಸ್ಕಿ ತಂಡ ತೋರಿಸಿತು.

ಭಾರ ಎತ್ತಿದರೆ ಮಕ್ಕಳು ಕುಳ್ಳಾಗುತ್ತಾರೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. 1990ರಲ್ಲಿ ರಾಮ್ಸೆ ತಂಡ 9ರಿಂದ 11 ವರ್ಷದ ಹುಡುಗರಿಗೆ 20 ವಾರ ಭಾರದ ಅಭ್ಯಾಸ ಮಾಡಿಸಿತು. ಬಲ ಚೆನ್ನಾಗಿ ಹೆಚ್ಚಿತು, ಸ್ನಾಯುವಿನ ಗಾತ್ರ ಹೆಚ್ಚಲಿಲ್ಲ. ಆ ವಯಸ್ಸಿನಲ್ಲಿ ಬಲ ಬರುವುದು ನರಗಳು ಹೆಚ್ಚು ಸ್ನಾಯುತಂತುಗಳನ್ನು ಕೆಲಸಕ್ಕೆ ಹಚ್ಚುವುದರಿಂದ. ತೋಳು ದಪ್ಪವಾಗಲಿಲ್ಲವೆಂದು ಬೇಸರಪಡುವ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕು. 2014ರ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಪ್ರಕಾರ ಹೊಸಬರು ಒಮ್ಮೆ ಮಾತ್ರ ಎತ್ತಬಲ್ಲ ಗರಿಷ್ಠ ಭಾರದ ಶೇ 60 ಮೀರದಂತೆ, ಒಂದೆರಡು ಸೆಟ್, ವಾರಕ್ಕೆ ಎರಡು ಮೂರು ದಿನ, ನಡುವೆ ಬಿಡುವು ಕೊಟ್ಟು ಮಾಡಬಹುದು. ಕ್ರಮ ಕೂತ ಮೇಲಷ್ಟೇ ಭಾರ ಏರಬೇಕು. ಅವಘಡಗಳು ಹೆಚ್ಚಾಗಿ ಆಗುವುದು ನೋಡಿಕೊಳ್ಳುವವರಿಲ್ಲದ ಕಡೆ, ಕೈಜಾರಿ ಬಿದ್ದ ಭಾರದಿಂದ.

ಮಾತ್ರೆಗಳ ಕಾಲ

ಎಳೆಯ ಮೈಗೆ ಸ್ಟೆರಾಯ್ಡ್ (ಗಂಡು ಹಾರ್ಮೋನ್ ಟೆಸ್ಟೊಸ್ಟೆರಾನ್ ಅನ್ನು ಹೋಲುವ, ಸ್ನಾಯು ಬೆಳೆಸುವ ಮದ್ದು) ಏನು ಮಾಡುತ್ತದೆಂದು ಜಗತ್ತು ಕಲಿತದ್ದು ಬಹಳ ಕ್ರೂರವಾದ ದಾರಿಯಲ್ಲಿ. ಪೂರ್ವ ಜರ್ಮನಿಯ ಸರ್ಕಾರ 1974ರಲ್ಲಿ ‘ರಾಜ್ಯ ಯೋಜನೆ 14.25’ ಎಂಬ ಗುಪ್ತ ಕಾರ್ಯಕ್ರಮ ಹಾಕಿಕೊಂಡಿತು. ಓರಲ್ ಟ್ಯೂರಿನಾಬಾಲ್ ಎಂಬ ಸ್ಟೆರಾಯ್ಡ್‌ನ ನೀಲಿ ಮಾತ್ರೆಯನ್ನು ವಿಟಮಿನ್ ಎಂದು ಹೇಳಿ ಹದಿಹರೆಯದ ಹುಡುಗಿಯರಿಗೂ ನುಂಗಿಸಲಾಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಮಹಿಳೆಯರ ಈಜಿನ 13 ಚಿನ್ನದಲ್ಲಿ 11 ಆ ದೇಶದ ಪಾಲಾದವು. ಗಡಸಾದ ದನಿ, ಮೈಮೇಲೆ ಕೂದಲು, ಯಕೃತ್ತಿನ ತೊಂದರೆ, ಮುಟ್ಟಿನ ಏರುಪೇರು ಆ ಹುಡುಗಿಯರ ಪಾಲಾದವು. ಬರ್ಲಿನ್ ಗೋಡೆ ಬಿದ್ದ ಮೇಲೆ ವರ್ನರ್ ಫ್ರಾಂಕೆ ಮತ್ತು ಬ್ರಿಗಿಟ್ಟೆ ಬೆರೆಂಡಾಂಕ್ ದಂಪತಿ ಕಡತಗಳನ್ನು ಹೊರತೆಗೆದಿರದಿದ್ದರೆ ಡೋಸ್ ಸಮೇತ ಬರೆದಿಟ್ಟ ಆ ದಾಖಲೆ ನಮಗೆ ಸಿಗುತ್ತಿರಲಿಲ್ಲ. 2000ದಲ್ಲಿ ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್ ಮತ್ತು ವೈದ್ಯ ಮಾನ್‌ಫ್ರೆಡ್ ಹಾಪ್ನರ್ ತಪ್ಪಿತಸ್ಥರೆಂದು ನ್ಯಾಯಾಲಯ ತೀರ್ಪಿತ್ತಿತು. ಇಬ್ಬರಿಗೂ ಸಿಕ್ಕಿದ್ದು ಅಮಾನತಿನಲ್ಲಿಟ್ಟ ಶಿಕ್ಷೆ. ಅನುಭವಿಸಿದವರ ನೋವಿನ ಮುಂದೆ ಅದು ತೀರಾ ಕಡಿಮೆ.

ಹುಡುಗರ ವಿಷಯದಲ್ಲಿ ಇನ್ನೊಂದು ನಷ್ಟವಿದೆ. ಮೈಯಲ್ಲಿ ಹೆಚ್ಚಾದ ಟೆಸ್ಟೊಸ್ಟೆರಾನ್‌ನ ಒಂದು ಪಾಲು ಈಸ್ಟ್ರೋಜನ್ ಆಗಿ ಮಾರ್ಪಡುತ್ತದೆ. ಮೂಳೆಯ ಬೆಳವಣಿಗೆ ಪದರವನ್ನು ಮುಚ್ಚಿಸುವುದು ಈ ಈಸ್ಟ್ರೋಜನ್. ಬೇಗ ದೊಡ್ಡವನಾಗಲು ನುಂಗಿದ ಮಾತ್ರೆ ಎತ್ತರವನ್ನೇ ಅರ್ಧಕ್ಕೆ ನಿಲ್ಲಿಸಬಹುದು, ಅದು ಮತ್ತೆ ಬರುವುದಿಲ್ಲ.

ಇಂಥ ಅಪಾಯಗಳನ್ನಷ್ಟೇ ಹೇಳಿ ಹೆದರಿಸಿದರೆ ಸಾಕೇ? ಅಮೆರಿಕದ ಆರೆಗಾನ್‌ನಲ್ಲಿ ಲಿನ್ ಗೋಲ್ಡ್‌ಬರ್ಗ್ ತಂಡ 1990ರ ದಶಕದ ಆರಂಭದಲ್ಲಿ ಇದನ್ನೇ ಪರೀಕ್ಷಿಸಿತು. ಕೆಡುಕನ್ನು ಮಾತ್ರ ಕೇಳಿದ ವಿದ್ಯಾರ್ಥಿಗಳ ಅಭಿಪ್ರಾಯ ಏನೂ ಕೇಳದವರಿಗಿಂತ ಬೇರೆಯಾಗಲಿಲ್ಲ. ಸ್ಟೆರಾಯ್ಡ್‌ನಿಂದ ಬಲ ಬರುತ್ತದೆ ಎಂಬುದನ್ನು ಮುಚ್ಚಿಡದೆ, ಕೆಡುಕನ್ನೂ ಜೊತೆಗೇ ಹೇಳಿದಾಗ ಅಪಾಯವನ್ನು ಹೆಚ್ಚು ನಂಬಿದರು. ಜಿಮ್‌ನಲ್ಲಿ ಕಣ್ಣಾರೆ ಕಂಡದ್ದನ್ನು ಅಲ್ಲಗಳೆಯುವ ಶಿಕ್ಷಕನ ಉಳಿದ ಮಾತನ್ನೂ ಮಕ್ಕಳು ನಂಬುವುದಿಲ್ಲ, ಅಷ್ಟೇ. ಇದರ ಮೇಲೆ ಕಟ್ಟಿದ ಅಟ್ಲಾಸ್ ಎಂಬ ಕಾರ್ಯಕ್ರಮದ ಫಲಿತಾಂಶ 1996ರಲ್ಲಿ ಬಂತು. 31 ಶಾಲೆಗಳ ಫುಟ್‌ಬಾಲ್ ತಂಡಗಳು, 50 ನಿಮಿಷದ ಏಳು ತರಗತಿಗಳು, ಭಾರದ ಕೋಣೆಯಲ್ಲಿ ಏಳು ಅಭ್ಯಾಸಗಳು. ಪಾಠ ಮಾಡಿದವರು ಕೋಚ್ ಮತ್ತು ತಂಡದ ಹುಡುಗರೇ. ಮಾತ್ರೆ ಬೇಡ ಎನ್ನುವುದರ ಜೊತೆ ಏನು ತಿನ್ನಬೇಕು, ಹೇಗೆ ಭಾರ ಎತ್ತಬೇಕು ಎನ್ನುವುದೂ ಸಿಕ್ಕಿತು. ಸ್ಟೆರಾಯ್ಡ್ ಬಳಸುವ ಇರಾದೆ ಇಳಿಯಿತು. ಹುಡುಗಿಯರಿಗೆ ಅಥೀನಾ ಎಂಬ ಸೋದರ ಕಾರ್ಯಕ್ರಮವೂ ಬಂತು. ಆ ಬಳಿಕ ಬಂದ ಎಷ್ಟೋ ಕಾರ್ಯಕ್ರಮಗಳು ಭಾರದ ಕೋಣೆಯನ್ನು ಕೈಬಿಟ್ಟು ಒಂದು ಭಾಷಣ, ಒಂದು ಕರಪತ್ರಕ್ಕೆ ಇಳಿದವು. ಅವುಗಳ ಪರಿಣಾಮವೂ ಅಷ್ಟಕ್ಕಷ್ಟೇ.

ಪುಡಿ, ಮಾತ್ರೆಗಳ ಪೂರಕಗಳ ಬಗ್ಗೆ ಜರ್ಮನಿಯ ಕಲೋನ್ ನಗರದ ಉದ್ದೀಪನ ಮದ್ದು ಪರೀಕ್ಷಾ ಪ್ರಯೋಗಾಲಯ ನಡೆಸಿದ ಪರೀಕ್ಷೆ ಕಣ್ಣು ತೆರೆಸುವಂಥದ್ದು. ಹಾರ್ಮೋನ್ ಇಲ್ಲವೆಂದು 13 ದೇಶಗಳಲ್ಲಿ ಮಾರುತ್ತಿದ್ದ 634 ಪೂರಕಗಳಲ್ಲಿ 94ರಲ್ಲಿ, ಅಂದರೆ ಶೇ 14.8ರಲ್ಲಿ, ಲೇಬಲ್ಲಿನಲ್ಲಿ ಹೇಳದ, ಮೈಯೊಳಗೆ ಹಾರ್ಮೋನ್ ಆಗಿ ಮಾರ್ಪಡುವ ಪೂರ್ವವಸ್ತುಗಳು ಸಿಕ್ಕವು. ಒಂದೇ ಯಂತ್ರದಲ್ಲಿ ಬೇರೆ ಸರಕು ತಯಾರಿಸಿ ಸರಿಯಾಗಿ ತೊಳೆಯದಿದ್ದರೂ ಇದು ಆಗುತ್ತದೆ. ಒಂದು ಡಬ್ಬ ಚೊಕ್ಕವಾಗಿದ್ದು ಮುಂದಿನ ಬ್ಯಾಚಿನದು ಕಲಬೆರಕೆಯಾಗಿರಬಹುದು. ಆದ್ದರಿಂದ ಬಳಸಲೇಬೇಕಾದವರು ಬ್ಯಾಚ್‌ವಾರು ಪರೀಕ್ಷೆಯಾದುದನ್ನೇ ಕೊಂಡು, ಬ್ಯಾಚ್ ಸಂಖ್ಯೆ ಬರೆದಿಟ್ಟು, ರಸೀದಿ ಇಟ್ಟುಕೊಳ್ಳಬೇಕು. ಅದೂ ಪೂರ್ತಿ ಖಾತರಿಯಲ್ಲ.

ನಿಯಮಕ್ಕೆ ಮಕ್ಕಳು ಕಂಡದ್ದು

ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ ಹುಟ್ಟಿದ್ದು 1999ರ ನವೆಂಬರ್ 10ರಂದು, ಅದರ ಸಂಹಿತೆ ಜಾರಿಗೆ ಬಂದದ್ದು 2004ರಲ್ಲಿ. ಮೈಯಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ ಎಂಬುದು ಅದರ ಬುಡದ ತತ್ವ. ಕಿರಿಯರಿಗೆ ಪ್ರತ್ಯೇಕ ವರ್ಗ ಬಂದದ್ದು 2021ರ ಪರಿಷ್ಕರಣೆಯಲ್ಲಿ: 16 ತುಂಬದವರು ‘ರಕ್ಷಿತ ವ್ಯಕ್ತಿ’. 18 ತುಂಬದವರಲ್ಲಿ ನೋಂದಾಯಿತ ಪರೀಕ್ಷಾ ಪಟ್ಟಿಯಲ್ಲಿ (ನಿಯಮಿತ ಪರೀಕ್ಷೆಗೆ ಹೆಸರು ಬರೆಸಿಕೊಂಡವರ ಪಟ್ಟಿ) ಇಲ್ಲದ, ವಯಸ್ಸಿನ ಮಿತಿಯಿಲ್ಲದ ಮುಕ್ತ ವಿಭಾಗದ ಅಂತರರಾಷ್ಟ್ರೀಯ ಸ್ಪರ್ಧೆ ಆಡದವರೂ ಅದರಲ್ಲಿ ಸೇರುತ್ತಾರೆ. ವಸ್ತು ಮೈಗೆ ಹೇಗೆ ಸೇರಿತೆಂದು ಇವರು ಸಾಬೀತು ಮಾಡದೆಯೂ ತಮ್ಮ ತಪ್ಪು ಗಣನೀಯವಲ್ಲ ಎಂದು ವಾದಿಸಬಹುದು. ಆ ವಾದ ಗೆದ್ದರೆ ಶಿಕ್ಷೆ ಬರೀ ಎಚ್ಚರಿಕೆಯಿಂದ ಎರಡು ವರ್ಷದ ನಿಷೇಧದವರೆಗೆ. ಆಟಗಾರನಿಗೆ ಈ ವಿಷಯದ ಮೊದಲ ಪರಿಚಯ ಪರೀಕ್ಷೆಯಿಂದಲ್ಲ, ಶಿಕ್ಷಣದಿಂದ ಆಗಬೇಕೆಂದು ಹೇಳುವ ಶಿಕ್ಷಣ ಮಾನದಂಡವೂ ಅದೇ ವರ್ಷ ಜಾರಿಯಾಯಿತು. ವಲಿಯೆವಾಗೆ ರಕ್ಷಿತ ವರ್ಗ ಅನ್ವಯಿಸಿದ್ದರೂ ನಾಲ್ಕು ವರ್ಷದ ನಿಷೇಧ ತಪ್ಪಲಿಲ್ಲ. ವಯಸ್ಸು ತಾನಾಗಿ ಬಿಡುಗಡೆ ಕೊಡುವುದಿಲ್ಲ ಎಂಬುದು ತಂದೆತಾಯಿಗೆ ತಿಳಿದಿರಬೇಕು.

ಪರೀಕ್ಷೆಯ ದಿನದ ವಿವರಗಳನ್ನು ಮೊದಲೇ ಅಭ್ಯಾಸ ಮಾಡಿಸುವ ತಂಡಗಳು ಕಡಿಮೆ. ಕಿರಿಯನ ಜೊತೆ ಒಬ್ಬ ಹಿರಿಯ ಪ್ರತಿನಿಧಿ ಇರಬಹುದು, ಇರಬೇಕು. ಮೂತ್ರ ಕೊಡುವಾಗ ಆ ಪ್ರತಿನಿಧಿ ನೋಡುವುದು ಮಗುವನ್ನಲ್ಲ, ಮಗುವಿನ ಮೇಲೆ ಕಣ್ಣಿಟ್ಟ ಅಧಿಕಾರಿಯನ್ನು. ಕನಿಷ್ಠ 90 ಮಿ.ಲೀ. ಬೇಕು: ಮರುಪರೀಕ್ಷೆಗೆ ಎತ್ತಿಡುವ ಬಿ ಬಾಟಲಿಗೆ 30, ಮೊದಲು ಪರೀಕ್ಷಿಸುವ ಎ ಬಾಟಲಿಗೆ 60. ಬೇಗ ಮುಗಿಯಲೆಂದು ಮಕ್ಕಳು ಲೀಟರುಗಟ್ಟಲೆ ನೀರು ಕುಡಿಯುತ್ತಾರೆ, ಮಾದರಿ ತೀರಾ ತೆಳುವಾಗಿ ಇನ್ನೊಂದು ಕೊಡಬೇಕಾಗಿ ಬರುತ್ತದೆ, ರಾತ್ರಿಯವರೆಗೆ ಕಾಯುತ್ತಾರೆ. ಹೆಚ್ಚು ಕುಡಿಯದಂತೆ ಹೇಳಿದ್ದರೆ ಸಾಕಿತ್ತು. ಈಚಿನ ಏಳು ದಿನ ತೆಗೆದುಕೊಂಡ ಔಷಧಿ, ಪೂರಕಗಳನ್ನು ನಮೂನೆಯಲ್ಲಿ ಬರೆಯಬೇಕು, ಇದು ನೆನಪಿನಿಂದ ಆಗುವ ಕೆಲಸವಲ್ಲ. ಕಿಟ್ ಬ್ಯಾಗಿನಲ್ಲಿ ಒಂದು ಚೀಟಿ ಇರಲಿ: ದಿನಾಂಕ, ಔಷಧಿಯ ಬ್ರ್ಯಾಂಡ್ ಹೆಸರಿನ ಜೊತೆ ಒಳಗಿನ ರಾಸಾಯನಿಕದ ಹೆಸರು, ಪ್ರಮಾಣ, ಕೊಟ್ಟವರು ಯಾರು. ನಿಷೇಧಿತ ವಸ್ತುಗಳ ಪಟ್ಟಿ ಪ್ರತಿವರ್ಷ ಜನವರಿ 1ಕ್ಕೆ ಬದಲಾಗುತ್ತದೆ. ಸ್ಯೂಡೊಎಫೆಡ್ರಿನ್ 2004ರಲ್ಲಿ ಪಟ್ಟಿಯಿಂದ ಹೊರಬಿದ್ದು, 2010ರಲ್ಲಿ ಮೂತ್ರದ ಮಿಲಿಲೀಟರಿಗೆ 150 ಮೈಕ್ರೋಗ್ರಾಂ ಮಿತಿಯೊಡನೆ ಮರಳಿ ಸೇರಿತು. ಹೋದ ವರ್ಷ ತೊಂದರೆಯಾಗಲಿಲ್ಲವೆಂದು ಈ ವರ್ಷ ಅದೇ ನೆಗಡಿ ಮಾತ್ರೆ ಕೊಡುವಂತಿಲ್ಲ. ಉಬ್ಬಸ, ಸಕ್ಕರೆ ಕಾಯಿಲೆಯಂಥ ತೊಂದರೆ ಇದ್ದರೆ ಚಿಕಿತ್ಸಾ ವಿನಾಯಿತಿಯ (ನಿಷೇಧಿತ ಔಷಧಿಯನ್ನು ಚಿಕಿತ್ಸೆಗೆಂದು ಬಳಸಲು ಸಿಗುವ ಅನುಮತಿ) ಅರ್ಜಿಯನ್ನು ಋತು ಶುರುವಾಗುವ ಮುಂಚೆಯೇ ವೈದ್ಯರ ವರದಿಯ ಸಮೇತ ಸಲ್ಲಿಸಿ, ಮಂಜೂರಾತಿಯ ಪ್ರತಿಯನ್ನು ಆ ಚೀಟಿಯ ಜೊತೆಗೇ ಇಡಬೇಕು.