ಸೌಟುನೆಕ್ಕ, ಮೊಸರುಬಾಕ, ಬತ್ತಿಗಳ್ಳ

ಡಿಸೆಂಬರ್ 11ರ ರಾತ್ರಿ ಮಲಗುವ ಮುನ್ನ ಐಸ್‌ಲ್ಯಾಂಡಿನ ಮಕ್ಕಳು ತಮ್ಮ ಒಂದು ಬೂಟನ್ನು ಕಿಟಕಿಯ ದಂಡೆಯ ಮೇಲೆ ಇಟ್ಟು ಮಲಗುತ್ತಾರೆ. ಬೆಳಿಗ್ಗೆ ಅದರೊಳಗೆ ಕಿತ್ತಳೆಯೋ ಚಾಕೊಲೇಟೋ ಪುಟ್ಟದೊಂದು ಆಟಿಕೆಯೋ ಸಿಕ್ಕರೆ ಹಿಂದಿನ ದಿನದ ನಡತೆ ಚೆನ್ನಾಗಿತ್ತು ಎಂದು ಅರ್ಥ. ಆಲೂಗಡ್ಡೆ ಸಿಕ್ಕರೆ ಏನರ್ಥ ಎಂಬುದು ಅಲ್ಲಿನ ಮೂರು ವರ್ಷದ ಮಗುವಿಗೂ ಗೊತ್ತು. ಇದು ಒಂದು ರಾತ್ರಿಗೆ ಮುಗಿಯುವ ವ್ಯವಹಾರವಲ್ಲ. ಕೆಂಪಂಗಿಯ ಮುದುಕನೊಬ್ಬ ಜಗತ್ತಿನ ಎಲ್ಲ ಮನೆಗಳನ್ನೂ ಒಂದೇ ರಾತ್ರಿಯಲ್ಲಿ ಸುತ್ತಿ ಬರುವ ಅವಸರ ಈ ದ್ವೀಪದಲ್ಲಿಲ್ಲ. ಇಲ್ಲಿ ಉಡುಗೊರೆ ತರುವವರು ಹದಿಮೂರು ಮಂದಿ ಅಣ್ಣತಮ್ಮಂದಿರು. ಇವರಿಗೆ ಯೋಲಾಸ್ವೇನಾರ್, ಅಂದರೆ ಕ್ರಿಸ್‌ಮಸ್ ಹುಡುಗರು, ಎಂದು ಹೆಸರು. ಡಿಸೆಂಬರ್ 12ರಿಂದ ದಿನಕ್ಕೊಬ್ಬನಂತೆ ಬೆಟ್ಟದಿಂದ ಇಳಿದು ಬರುವ ಇವರಲ್ಲಿ ಕೊನೆಯವನು ಊರು ಮುಟ್ಟುವುದು ಡಿಸೆಂಬರ್ 24ರಂದು.

ಇವರ ಹೆಸರುಗಳನ್ನು ಕನ್ನಡಕ್ಕೆ ತಿರುಗಿಸಿದರೆ ಒಂದು ಸಂಗತಿ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಮೊದಲು ಬರುವವನು ಮಡಚಲಾಗದ ಮರಗಾಲಿನವನು. ಕುರಿದೊಡ್ಡಿಗೆ ನುಗ್ಗಿ ಕುರಿಯ ಕೆಚ್ಚಲಿಗೆ ಬಾಯಿ ಹಾಕುವುದು ಅವನ ಕಸುಬು. ಎರಡನೆಯವನು ಕೊರಕಲಿನಲ್ಲಿ ಅಡಗಿದ್ದು, ಸಮಯ ನೋಡಿ ದನದ ಕೊಟ್ಟಿಗೆಗೆ ಹೊಕ್ಕು ಕರೆದಿಟ್ಟ ಹಾಲಿನ ನೊರೆಯನ್ನು ಬಾಚಿಕೊಂಡು ಹೋಗುತ್ತಾನೆ. ಮೂರನೆಯವನು ಗಿಡ್ಡ, ಬಾಣಲೆಯ ತಳದಲ್ಲಿ ಸೀದು ಹತ್ತಿದ್ದನ್ನು ಕೆರೆದು ತಿನ್ನುತ್ತಾನೆ. ಮುಂದಿನವರನ್ನು ಸೌಟುನೆಕ್ಕ, ಗಡಿಗೆಬಳಿಕ, ಬಟ್ಟಲುನೆಕ್ಕ, ಬಾಗಿಲುಬಡುಕ, ಮೊಸರುಬಾಕ ಎಂದು ಕರೆಯಬಹುದು. ಜಂತಿಗೆ ತೂಗುಹಾಕಿದ ಹೊಗೆ ಹಾಕಿದ ಸಾಸೇಜನ್ನು ಎಗರಿಸುವವನೊಬ್ಬ, ಕಿಟಕಿಯಿಂದ ಇಣುಕಿ ಒಳಗೇನಿದೆ ಎಂದು ಲೆಕ್ಕ ಹಾಕುವವನೊಬ್ಬ, ಭಾರೀ ಮೂಗನ್ನು ಬಾಗಿಲ ಸಂದಿಗೆ ಇಟ್ಟು ಹಬ್ಬದ ರೊಟ್ಟಿಯ ವಾಸನೆ ಹಿಡಿಯುವವನೊಬ್ಬ. ಡಿಸೆಂಬರ್ 23ರಂದು ಬರುವವನ ಕೈಯಲ್ಲಿ ಉದ್ದನೆಯ ಕೊಕ್ಕೆಯಿರುತ್ತದೆ. ಹೊಗೆಗಿಂಡಿಯಿಂದ ಅದನ್ನು ಇಳಿಬಿಟ್ಟು ಮಾಂಸದ ತುಂಡನ್ನು ಮೇಲಕ್ಕೆಳೆದುಕೊಳ್ಳುತ್ತಾನೆ. ಕೊನೆಯವನು ಬತ್ತಿಗಳ್ಳ, ಮಕ್ಕಳ ಕೈಯಲ್ಲಿರುವ ಮೋಂಬತ್ತಿಯ ಹಿಂದೆ ಬೀಳುವವನು. ಹದಿಮೂರು ಜನರಲ್ಲಿ ಹೊಟ್ಟೆಯ ಚಿಂತೆಯಿಲ್ಲದೆ ಬರೀ ತಂಟೆಗಾಗಿ ತಂಟೆ ಮಾಡುವವನು ಬಾಗಿಲುಬಡುಕ ಒಬ್ಬನೇ.

ಅಂದರೆ ಇದು ಕೊಡುವವರ ಪಟ್ಟಿಯೇ ಅಲ್ಲ, ಕದಿಯುವವರ ಪಟ್ಟಿ. ಇವರು ಬೂಟಿನೊಳಗೆ ಏನಾದರೂ ಇಟ್ಟುಹೋಗುವ ಅಭ್ಯಾಸ ಕಲಿತದ್ದು ತೀರ ಈಚೆಗೆ, 20ನೇ ಶತಮಾನದಲ್ಲಿ. ಅದಕ್ಕೂ ಹಿಂದೆ ಇವರು ಮನೆಯಿಂದ ಏನನ್ನು ಒಯ್ಯುತ್ತಿದ್ದರು ಎಂಬುದನ್ನು ಗಮನವಿಟ್ಟು ನೋಡಿದರೆ ಐಸ್‌ಲ್ಯಾಂಡಿನ ಬಡ ರೈತನ ಉಗ್ರಾಣದ ಒಳಗೇ ಹೊಕ್ಕಂತಾಗುತ್ತದೆ.

ಆರ್ಕ್ಟಿಕ್ ವೃತ್ತಕ್ಕೆ ತಗುಲಿಕೊಂಡಂತಿರುವ ಆ ದ್ವೀಪದಲ್ಲಿ ಬೇಸಿಗೆ ಚಿಕ್ಕದು, ತಂಪಾದದ್ದು. ಧಾನ್ಯ ಬೆಳೆಯುವುದು ಕಷ್ಟ, ಹುಲ್ಲು ಬೆಳೆಯುತ್ತದೆ. ಬೇಸಿಗೆಯಲ್ಲಿ ಎಷ್ಟು ಹುಲ್ಲು ಕೊಯ್ದು ಒಣಗಿಸಿಟ್ಟುಕೊಳ್ಳಬಹುದೋ ಅಷ್ಟು ಜಾನುವಾರುಗಳನ್ನು ಮಾತ್ರ ಚಳಿಗಾಲ ದಾಟಿಸಲು ಸಾಧ್ಯವಿದ್ದುದರಿಂದ ಉಳಿದವನ್ನು ಶರತ್ಕಾಲದಲ್ಲೇ ಕಡಿದು, ಆ ಮಾಂಸವನ್ನು ವಸಂತದವರೆಗೆ ಕೆಡದಂತೆ ಕಾಪಾಡಿಕೊಳ್ಳಬೇಕಿತ್ತು. ಮಾಂಸ ಕೆಡದಿರಲು ಉಪ್ಪು ಬೇಕು, ಆದರೆ ಉಪ್ಪು ದುಬಾರಿ: ಸಮುದ್ರದ ನೀರು ಸುತ್ತಲೂ ಇದ್ದರೂ ಅದನ್ನು ಆರಿಸುವಷ್ಟು ಬಿಸಿಲಿಲ್ಲ, ಕುದಿಸೋಣವೆಂದರೆ ಕಾಡು ಕಡಿದು ಮುಗಿದು ಸೌದೆಯೂ ಇಲ್ಲ. ಹೀಗಾಗಿ ಜನ ಬೇರೆ ದಾರಿಗಳನ್ನು ಕಂಡುಕೊಂಡರು. ಗಟ್ಟಿ ಮೊಸರಿನಂಥ ಸ್ಕೀರ್ ಮಾಡುವಾಗ ಬಸಿದು ಬರುವ ನೀರನ್ನು ಹುಳಿಯಾಗಲು ಬಿಟ್ಟು, ಅದರಲ್ಲಿ ಮಾಂಸವನ್ನು ಮುಳುಗಿಸಿಟ್ಟರು. ಆ ನೀರಿನಲ್ಲಿರುವ ಲ್ಯಾಕ್ಟಿಕ್ ಆಮ್ಲದಿಂದ ಕೊಳೆಸುವ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ನಮ್ಮ ಹುಳಿಮೊಸರು ಹಾಲಿಗಿಂತ ಹೆಚ್ಚು ಕಾಲ ಬಾಳುವುದಕ್ಕೂ ಕಾರಣ ಇದೇ. ಇನ್ನು ಕೆಲವನ್ನು ಹೊಗೆಗೆ ಕಟ್ಟಿದರು; ಸೌದೆ ಇಲ್ಲದ ಕಡೆ ಆ ಹೊಗೆ ಬರುತ್ತಿದ್ದದ್ದು ಒಣಗಿದ ಕುರಿ ಸಗಣಿಯಿಂದ. ಇಂದಿಗೂ ಕ್ರಿಸ್‌ಮಸ್ ಊಟಕ್ಕೆ ಅಲ್ಲಿ ಬಡಿಸುವ ಕುರಿಮಾಂಸಕ್ಕೆ ಆ ಸಗಣಿಹೊಗೆಯ ಘಮಲೇ ಬೇಕು ಎನ್ನುವವರಿದ್ದಾರೆ.

ಮೊಸರುಬಾಕನ ಪೀಪಾಯಿ, ಜಂತಿಯ ಸಾಸೇಜು, ಹೊಗೆಗಿಂಡಿಯ ಮಾಂಸ ಇವೆಲ್ಲ ಎಲ್ಲಿಂದ ಬಂದವು ಎಂಬುದು ಈಗ ತಿಳಿಯುತ್ತದೆ. ರೊಟ್ಟಿಯ ವಾಸನೆಗೂ ಕಾರಣವಿದೆ. ಹಿಟ್ಟು ಹೊರಗಿನಿಂದ ಹಡಗಿನಲ್ಲಿ ಬರಬೇಕಿತ್ತು, 1602ರಿಂದ 1787ರವರೆಗೆ ಆ ವ್ಯಾಪಾರವೆಲ್ಲ ಡೇನಿಷ್ ಏಕಸ್ವಾಮ್ಯದ ಹಿಡಿತದಲ್ಲಿತ್ತು. ಅದರಿಂದಲೇ ಹಬ್ಬದ ರೊಟ್ಟಿಯನ್ನು ಹಪ್ಪಳದಷ್ಟು ತೆಳ್ಳಗೆ ಲಟ್ಟಿಸಿ, ಚಾಕುವಿನ ತುದಿಯಿಂದ ಎಲೆಯ ಚಿತ್ತಾರ ಕೊರೆದು, ಕೊಬ್ಬಿನಲ್ಲಿ ಕರಿಯುತ್ತಿದ್ದರು. ಇದ್ದ ಹಿಡಿ ಹಿಟ್ಟನ್ನು ಎಲ್ಲರ ಪಾಲಿಗೂ ಬರುವಂತೆ ಹಿಗ್ಗಿಸುವ ಉಪಾಯವದು. ಬಟ್ಟಲುನೆಕ್ಕನ ಬಟ್ಟಲನ್ನೂ ಸ್ವಲ್ಪ ನಿಂತು ನೋಡಬೇಕು. ಅದು ಮುಚ್ಚಳವಿರುವ ಮರದ ಬಟ್ಟಲು, ಮನೆಯ ಪ್ರತಿಯೊಬ್ಬರಿಗೂ ಒಂದೊಂದು. ಹುಲ್ಲುಹೆಂಟೆಯ ಗೋಡೆಗಳ ಆ ಮನೆಯಲ್ಲಿ ಉಣ್ಣುವುದು, ಉಣ್ಣೆ ನೂಲುವುದು, ಮಲಗುವುದು ಎಲ್ಲ ಒಂದೇ ಕೋಣೆಯಲ್ಲಿ, ತಮ್ಮ ತಮ್ಮ ಮಂಚದ ಮೇಲೆಯೇ ಆಗುತ್ತಿದ್ದುದರಿಂದ, ಉಂಡಾದ ಮೇಲೆ ಬಟ್ಟಲನ್ನು ನಾಯಿಯೋ ಬೆಕ್ಕೋ ನೆಕ್ಕಲೆಂದು ನೆಲಕ್ಕೆ ಇಡುವರು. ಮಂಚದಡಿ ಅವಿತಿದ್ದ ಬಟ್ಟಲುನೆಕ್ಕ ಕೈ ಚಾಚುವುದು ಆ ಕ್ಷಣಕ್ಕೆ. ನಾಯಿಯ ಪಾಲನ್ನೂ ಬಿಡದ ಕಳ್ಳನನ್ನು ಕಲ್ಪಿಸಿಕೊಂಡ ಜನರಿಗೆ ಹಸಿವೆಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು. 1783ರ ಜೂನ್‌ನಲ್ಲಿ ಬಾಯಿ ತೆರೆದ ಲಾಕಿ ಜ್ವಾಲಾಮುಖಿ ಎಂಟು ತಿಂಗಳು ಉಗುಳಿದ ಅನಿಲದಲ್ಲಿನ ಫ್ಲೋರಿನ್ ಹುಲ್ಲಿಗೆ ಸೇರಿ, ಅದನ್ನು ಮೇಯ್ದ ಜಾನುವಾರುಗಳು ಸತ್ತು, ಅದರ ಹಿಂದೆ ಬಂದ ಬರಗಾಲದಲ್ಲಿ ದ್ವೀಪದ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ತೀರಿಕೊಂಡರು.

ಮೋಂಬತ್ತಿಯನ್ನು ಕದಿಯುವುದೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಹಳೆಯ ಕಾಲದ ಆ ಬತ್ತಿ ಕುರಿಯ ಕೊಬ್ಬನ್ನು ಕರಗಿಸಿ ಮಾಡಿದ್ದು. ಒಂದು ಗ್ರಾಂ ಕೊಬ್ಬಿನಲ್ಲಿ ಸುಮಾರು 9 ಕಿಲೊಕ್ಯಾಲೊರಿ ಶಕ್ತಿಯಿದೆ, ಅಂದರೆ ಹಿಟ್ಟಿನಲ್ಲಿರುವುದರ ಎರಡರಷ್ಟಕ್ಕೂ ಹೆಚ್ಚು. ಹಸಿದವನ ಕಣ್ಣಿಗೆ ಆ ಬತ್ತಿ ತಿನ್ನುವ ಪದಾರ್ಥ. ಅದನ್ನು ಹಚ್ಚಿದರೆ ಬೆಳಕು, ತಿಂದರೆ ಒಂದು ಹೊತ್ತಿನ ಆಧಾರ. ಎರಡೂ ಕಮ್ಮಿಯಿರುವ ತಿಂಗಳಲ್ಲಿ ಮಗುವಿನ ಕೈಗೆ ಹಬ್ಬದ ಉಡುಗೊರೆಯಾಗಿ ಬರುತ್ತಿದ್ದದ್ದು ಅಂಥ ಒಂದು ಬತ್ತಿ. ಈ ಹದಿಮೂರು ಜನರಲ್ಲಿ ನನಗೆ ಅತಿ ಹೆಚ್ಚು ನಂಬಲರ್ಹ ಎನಿಸುವವನು ಈ ಬತ್ತಿಗಳ್ಳನೇ.

ಈ ಹುಡುಗರ ತಾಯಿ ಗ್ರಿಲಾ ಇನ್ನೂ ಹಳಬಳು. 13ನೇ ಶತಮಾನದ ಬರಹಗಳಲ್ಲೇ ಆಕೆಯ ಹೆಸರು ರಾಕ್ಷಸಿಯರ ಸಾಲಿನಲ್ಲಿ ಸಿಗುತ್ತದೆ. ಹಟ ಮಾಡುವ ಮಕ್ಕಳನ್ನು ಚೀಲಕ್ಕೆ ತುಂಬಿಕೊಂಡು ಹೋಗಿ ಬೇಯಿಸಿ ತಿನ್ನುವ ಗುಮ್ಮ ಅವಳು. ಹೊಸ ಬಟ್ಟೆ ಸಿಗದವರನ್ನು ತಿಂದುಹಾಕುವ ದೈತ್ಯ ಬೆಕ್ಕೂ ಆ ಮನೆಯಲ್ಲಿದೆ. ಹಬ್ಬದೊಳಗೆ ಉಣ್ಣೆಯ ಕೆಲಸ ಮುಗಿಸಿದವರಿಗೆ ಹೊಸ ಉಡುಪು ಸಿಗುತ್ತಿದ್ದ ಕಾಲದಲ್ಲಿ ಮೈಗಳ್ಳರನ್ನು ಎಬ್ಬಿಸಲು ಆ ಬೆಕ್ಕಿನ ಹೆಸರೊಂದೇ ಸಾಕಾಗುತ್ತಿತ್ತೇನೋ. ಹೆದರಿಸುವುದು ಎಷ್ಟು ಅತಿಯಾಗಿತ್ತೆಂದರೆ, ಐಸ್‌ಲ್ಯಾಂಡನ್ನು ಆಳುತ್ತಿದ್ದ ಡೆನ್ಮಾರ್ಕಿನ ಸರ್ಕಾರ 1746ರಲ್ಲಿ, ತಾಯ್ತಂದೆಯರು ಕ್ರಿಸ್‌ಮಸ್ ಹುಡುಗರ ಹೆಸರು ಹೇಳಿ ಮಕ್ಕಳನ್ನು ಬೆದರಿಸಕೂಡದು ಎಂದು ಆಜ್ಞೆಯನ್ನೇ ಹೊರಡಿಸಬೇಕಾಯಿತು.

ಬೇಡಲು ಬಂದವನೇ ಕೊಡುವವನಾದ ಕಥೆ ಐಸ್‌ಲ್ಯಾಂಡಿನದು ಮಾತ್ರವಲ್ಲ. ಫಿನ್‌ಲ್ಯಾಂಡಿನಲ್ಲಿ ಇವತ್ತು ಮಕ್ಕಳಿಗೆ ಉಡುಗೊರೆ ತರುವ ಯೋಲುಪುಕ್ಕಿಯ ಹೆಸರಿನ ಅರ್ಥ ‘ಕ್ರಿಸ್‌ಮಸ್ ಹೋತ’. ಬಿಳಿಗಡ್ಡದ ಸೌಮ್ಯ ಅಜ್ಜನಿಗೆ ಹೋತ ಎಂಬ ಹೆಸರು ಹೇಗೆ ಅಂಟಿಕೊಂಡಿತು ಎಂದು ಹುಡುಕುತ್ತ ಹೋದರೆ ಸಿಗುವುದು ಚಳಿಗಾಲದ ಹಬ್ಬ ಮುಗಿಯುವ ಹೊತ್ತಿಗೆ, ಜನವರಿ 13ರಂದು, ತುಪ್ಪುಳದ ಕೋಟನ್ನು ಒಳಮೈ ಹೊರಗಾಗಿ ತೊಟ್ಟು, ಮುಖವಾಡ ಹಾಕಿ, ತಲೆಗೆ ಕೊಂಬು ಕಟ್ಟಿಕೊಂಡು ಮನೆಮನೆಗೆ ನುಗ್ಗುತ್ತಿದ್ದ ಗಂಡಸರ ಗುಂಪು. ಹಬ್ಬದಡುಗೆಯಲ್ಲಿ ಉಳಿದದ್ದನ್ನೂ ಬಿಯರನ್ನೂ ಕೊಡಿ ಎಂದು ಕೇಳುವುದು ಅವರ ಹಕ್ಕಾಗಿತ್ತು. ಕೊಡದ ಮನೆಯವರು ಅವರ ಪುಂಡಾಟವನ್ನು ಸಹಿಸಬೇಕಿತ್ತು. 19ನೇ ಶತಮಾನದಲ್ಲಿ ಉಡುಗೊರೆ ಹಂಚುವ ಪದ್ಧತಿ ಬೇರೆ ದೇಶಗಳಿಂದ ಬಂದಾಗ ಹೊಸ ಅತಿಥಿ ಈ ಹಳೆಯ ಹೆಸರಿನೊಳಗೇ ಸೇರಿಕೊಂಡ. 1927ರಲ್ಲಿ ರೇಡಿಯೊದ ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದ ಮಾರ್ಕುಸ್ ರೌಟಿಯೊ ಅವನ ಮನೆ ಕೊರ್ವಟುಂಟುರಿಯಲ್ಲಿದೆ ಎಂದು ಹೇಳಿದ ಮೇಲೆ ವಿಳಾಸವೂ ಗಟ್ಟಿಯಾಯಿತು. ಆ ಗುಡ್ಡದ ಹೆಸರಿನಲ್ಲಿ ‘ಕಿವಿ’ ಎಂಬ ಪದವಿರುವುದರಿಂದ ಮಕ್ಕಳಾಡುವುದೆಲ್ಲ ಅವನಿಗೆ ಅಲ್ಲಿಂದಲೇ ಕೇಳುತ್ತದಂತೆ. ಅವನು ಇಂದಿಗೂ ಹೊಗೆಗಿಂಡಿಯಿಂದ ಕದ್ದು ಇಳಿಯುವುದಿಲ್ಲ. ಬಾಗಿಲು ತಟ್ಟಿ ಒಳಗೆ ಬಂದು, ‘ಇಲ್ಲಿ ಒಳ್ಳೆಯ ಮಕ್ಕಳು ಇದ್ದಾರೆಯೇ?’ ಎಂದು ಕೇಳುತ್ತಾನೆ. ಕೊಂಬಿನ ಗುಂಪು ಬಾಗಿಲು ತಟ್ಟುತ್ತಿದ್ದ ಸದ್ದು ಆ ಪ್ರಶ್ನೆಯ ಹಿಂದೆ ನನಗೆ ಕೇಳಿಸುತ್ತದೆ.

ಸ್ಪೇನಿನ ಕ್ಯಾಟಲೋನಿಯಾದಲ್ಲಿ ಹಸಿದವನು ಮನುಷ್ಯನೂ ಅಲ್ಲ, ಮರದ ಒಂದು ಕೊರಡು. ಮೂತಿ ಬರೆದು, ಕಾಲು ಜೋಡಿಸಿ, ಚಳಿಯಾಗದಂತೆ ಕಂಬಳಿ ಹೊದಿಸಿ, ಡಿಸೆಂಬರ್ 8ರಿಂದ ಮಕ್ಕಳು ಅದಕ್ಕೆ ದಿನವೂ ರೊಟ್ಟಿಯ ಚೂರು, ಕಿತ್ತಳೆಯ ಸಿಪ್ಪೆ ತಿನ್ನಿಸುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಕೋಲು ಹಿಡಿದು ಹಾಡುತ್ತ ಅದನ್ನು ಬಡಿದರೆ ಕಂಬಳಿಯಡಿಯಲ್ಲಿ ಅದು ಮಿಠಾಯಿಯನ್ನು ‘ಹೇಲುತ್ತದೆ’. ಅಲ್ಲಿನವರು ಬಳಸುವ ಕ್ರಿಯಾಪದವೇ ಅದು, ನಾನು ನಯಗೊಳಿಸಲು ಹೋಗಿಲ್ಲ.

ಮೊದಲಿನಿಂದಲೂ ಕೊಡುವವನೇ ಆಗಿದ್ದವನು ಒಬ್ಬನಿದ್ದಾನೆ: ಇಂದಿನ ಟರ್ಕಿಯ ದೆಮ್ರೆ ಇರುವಲ್ಲಿ ಹಿಂದೆ ಇದ್ದ ಮೈರಾ ಪಟ್ಟಣದ ಬಿಷಪ್, ಸಾಂತಾ ಕ್ಲಾಸ್‌ನ ಮೂಲಪುರುಷನಾದ ನಿಕೊಲಾಸ್. ಮೂವರು ಹೆಣ್ಣುಮಕ್ಕಳಿಗೆ ವರದಕ್ಷಿಣೆ ಹೊಂದಿಸಲಾಗದ ಬಡ ತಂದೆಯ ಮನೆಗೆ ರಾತ್ರಿ ಹೊತ್ತು ಕಿಟಕಿಯಿಂದ ಚಿನ್ನದ ಗಂಟು ಎಸೆದು ಮಾಯವಾದನೆಂಬುದು ಅವನ ಕುರಿತ ಐತಿಹ್ಯ. 1087ರಲ್ಲಿ ಇಟಲಿಯ ಬಾರಿ ಪಟ್ಟಣದ ನಾವಿಕರು ಮೈರಾದ ಸಮಾಧಿಯಿಂದ ಅವನ ಎಲುಬುಗಳನ್ನು ಎತ್ತಿಕೊಂಡು ಬಂದರು. ಕೊಡುವವನ ಕಥೆಯಲ್ಲೂ ಕಳ್ಳತನ ತಪ್ಪಲಿಲ್ಲ. 1950ರ ದಶಕದಲ್ಲಿ ಬಾರಿಯ ಸಮಾಧಿಯನ್ನು ತೆರೆದಾಗ ಅಂಗರಚನಾ ತಜ್ಞ ಲುಯಿಜಿ ಮಾರ್ತಿನೊ ತಲೆಬುರುಡೆಯನ್ನು ಅಳೆದು ದಾಖಲಿಸಿದರು. ಆ ಅಳತೆಗಳನ್ನು ಆಧರಿಸಿ ಬ್ರಿಟನ್ನಿನ ತಜ್ಞರು ಕಂಪ್ಯೂಟರಿನಲ್ಲಿ ರೂಪಿಸಿದ ಮುಖದಲ್ಲಿ ಮೂಗು ಮುರಿದು ವಾಸಿಯಾದ ಗುರುತಿದೆ. ನಿಕೊಲಾಸನದೆನ್ನಲಾದ ಶ್ರೋಣಿಮೂಳೆಯ ಒಂದು ಚೂರನ್ನು 2017ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಂಗಾಲ-14ರ ಪರೀಕ್ಷೆಗೆ ಒಳಪಡಿಸಿದಾಗ ಅದು 4ನೇ ಶತಮಾನದ್ದೆಂದು ತಿಳಿಯಿತು, ಅವನು ಬದುಕಿದ್ದ ಕಾಲಕ್ಕೆ ಅದು ಹೊಂದುತ್ತದೆ. ಆ ಮೂಳೆ ಅವನದೇ ಎಂದು ಈ ಪರೀಕ್ಷೆ ಸಾಧಿಸುವುದಿಲ್ಲ. ಅವನದಲ್ಲ ಎನ್ನಲು ಇದ್ದ ಸುಲಭದ ಕಾರಣವೊಂದನ್ನು ತೆಗೆದುಹಾಕುತ್ತದೆ, ಅಷ್ಟೆ.

ಆದರೆ ನಿಕೊಲಾಸನೂ ಉತ್ತರದ ಚಳಿನಾಡುಗಳಿಗೆ ಹೋದಾಗ ಅಲ್ಲಿಯ ರಿವಾಜಿಗೆ ಒಗ್ಗಿಕೊಂಡ. ಆಸ್ಟ್ರಿಯಾದ ಹಳ್ಳಿಗಳಲ್ಲಿ ಡಿಸೆಂಬರ್ 5ರ ಸಂಜೆ ಅವನ ಜೊತೆಗೆ ಕೊಂಬು, ಸರಪಳಿ, ಬರಲು ಹಿಡಿದ ಕ್ರಾಂಪುಸ್ ಬರುತ್ತಾನೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮಕ್ಕಳು ಅವನಿಗಾಗಿ ಇಡುವ ಬೂಟು ಖಾಲಿಯಿರುವುದಿಲ್ಲ. ಅವನ ಕುದುರೆಗೆಂದು ಗಜ್ಜರಿಯೋ ಹುಲ್ಲೋ ಮೊದಲು ಒಳಗೆ ಹೋಗಬೇಕು. ಕೊಟ್ಟೇ ಪಡೆಯಬೇಕು ಎಂಬ ಲೆಕ್ಕ ಅಲ್ಲೂ ಇದೆ.

ಈ ಲೆಕ್ಕವನ್ನು ಬಿಡಿಸಲು ಯತ್ನಿಸಿದವರಲ್ಲಿ ಮಾನವಶಾಸ್ತ್ರಜ್ಞ ಕ್ಲೋದ್ ಲೆವಿ-ಸ್ತ್ರಾಸ್ ಪ್ರಮುಖರು. 1951ರ ಡಿಸೆಂಬರ್ 23ರಂದು ಫ್ರಾನ್ಸಿನ ದಿಜೋನ್ ನಗರದಲ್ಲಿ, ಕ್ರಿಸ್‌ಮಸ್ ತಾತ ಹಬ್ಬವನ್ನು ಕೆಡಿಸುತ್ತಿದ್ದಾನೆಂದು ಸಿಟ್ಟಾದ ಪಾದ್ರಿಗಳ ಒಪ್ಪಿಗೆಯಿಂದ ಅವನ ಪ್ರತಿಕೃತಿಯನ್ನು ಚರ್ಚಿನ ಕಂಬಿಗೆ ನೇತುಹಾಕಿ, ನೂರಾರು ಮಕ್ಕಳ ಎದುರಿಗೇ ಸುಡಲಾಯಿತು. ಈ ಸುದ್ದಿಯನ್ನು ಹಿಡಿದು ಮರುವರ್ಷ ಬರೆದ ಪ್ರಬಂಧದಲ್ಲಿ ಅವರು ಮುಂದಿಟ್ಟ ವಾದ ಹೀಗಿದೆ: ಹಗಲು ಕುಗ್ಗುತ್ತ ಹೋಗುವ ತಿಂಗಳುಗಳಲ್ಲಿ ಸತ್ತವರು ಮರಳಿ ಬಂದು ಬದುಕಿರುವವರನ್ನು ಕಾಡುತ್ತಾರೆಂಬ ನಂಬಿಕೆ ಯುರೋಪಿನಲ್ಲಿ ಹಳೆಯದು, ಅವರ ಪರವಾಗಿ ಮುಖವಾಡ ಹಾಕಿ ಮನೆಮನೆಗೆ ಹೋಗಿ ಕೇಳುತ್ತಿದ್ದವರು ಹುಡುಗರು ಮತ್ತು ಎಳೆಯರು, ಅವರಿಗೆ ಕೊಟ್ಟು ಕಳಿಸುವುದೆಂದರೆ ಸಾವನ್ನು ಸಮಾಧಾನಪಡಿಸಿ ಮುಂದಿನ ಶರತ್ಕಾಲದವರೆಗೆ ಆಚೆಗೆ ಸಾಗಹಾಕುವುದು. ಸತ್ತವರ ಭಾಗವನ್ನು ಪೂರ್ತಿಯಾಗಿ ಒಪ್ಪಲು ನನಗೆ ಹಿಂಜರಿಕೆಯಿದೆ. ಐಸ್‌ಲ್ಯಾಂಡಿನ ಸೌಟುನೆಕ್ಕನ ಹಿಂದೆ ನಾನು ಕಾಣುವುದು ಪ್ರೇತಕ್ಕಿಂತ ಹೆಚ್ಚಾಗಿ ಖಾಲಿಯಾಗುತ್ತಿರುವ ಪೀಪಾಯಿಯನ್ನು. ಆದರೂ ಕೇಳುವವರು ಮೊದಲು, ಕೊಡುವವರು ಆಮೇಲೆ ಎಂಬ ಅವರ ಅನುಕ್ರಮ ಇಲ್ಲಿ ಸರಿಯಾಗಿ ಕೂರುತ್ತದೆ.

ಐಸ್‌ಲ್ಯಾಂಡಿನ ಹುಡುಗರು ಸುಧಾರಿಸಿದ್ದು ಹೊಟ್ಟೆ ತುಂಬಿದ ಕಾಲದಲ್ಲಿ. ಊರೂರಿಗೂ ಬೇರೆಬೇರೆಯಾಗಿದ್ದ ಇವರ ಹೆಸರು, ಸಂಖ್ಯೆಗಳನ್ನು ಕವಿ ಯೋಹಾನ್ನೆಸ್ ಉರ್ ಕೋಟ್ಲುಂ 1932ರಲ್ಲಿ ಪ್ರಕಟಿಸಿದ ಒಂದು ಪದ್ಯ ಹದಿಮೂರಕ್ಕೆ ನಿಲ್ಲಿಸಿತು. ಕಿಟಕಿಯ ಬೂಟು ಯುರೋಪಿನ ನೆಲದಿಂದ ಕಡಲು ದಾಟಿ ಬಂತು, ಸಾಂತಾನ ಕೆಂಪಂಗಿಯೂ ಬಂತು. ಆದರೆ ಕಳ್ಳರ ಹೆಸರುಗಳು ಬದಲಾಗಲಿಲ್ಲ. ಫ್ರಿಜ್ಜಿನಲ್ಲಿ ಡಬ್ಬಿಗಟ್ಟಲೆ ಸ್ಕೀರ್ ಇರುವ ಮನೆಗೂ ಡಿಸೆಂಬರ್ 19ರಂದು ಮೊಸರುಬಾಕನೇ ಬರುತ್ತಾನೆ.

ಬಂದ ಕ್ರಮದಲ್ಲೇ ಇವರು ಹಿಂದಿರುಗುತ್ತಾರೆ. ಮರಗಾಲಿನವನು ಡಿಸೆಂಬರ್ 25ರಂದು ಬೆಟ್ಟದ ದಾರಿ ಹಿಡಿದರೆ, ಎಲ್ಲರಿಗಿಂತ ಕೊನೆಗೆ ಹೊರಡುವ ಬತ್ತಿಗಳ್ಳನ ಸರದಿ ಜನವರಿ 6ಕ್ಕೆ ಬರುತ್ತದೆ. ಆ ಸಂಜೆ ಊರವರು ದೊಡ್ಡ ಬೆಂಕಿ ಹಾಕಿ ಹಬ್ಬವನ್ನು ಮುಗಿಸುತ್ತಾರೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ರೇಕ್ಯವಿಕ್ ನಗರಕ್ಕೆ ಸಿಗುವ ಹಗಲು ನಾಲ್ಕು ಗಂಟೆಗಿಂತ ಕೆಲವೇ ನಿಮಿಷ ಹೆಚ್ಚು. ಬತ್ತಿಗಳ್ಳ ಹೊರಡುವ ಹೊತ್ತಿಗೆ ಅದು ಸುಮಾರು ಅರ್ಧ ಗಂಟೆಯಷ್ಟು ಬೆಳೆದಿರುತ್ತದೆ.